ನಡುನಡುವೆ ಸುಮ್ಮನಾಗುವ ರೇಡಿಯೊ

ಡೊಂಬಿವಲಿ

ನಾನು ಲಂಕೆಗೆ ಹೋಗಿ ಬಂದವಳು ಎಂದರೆ ಡೊಂಬಿವಲಿಯ ಪರಿಚಯದವರು ಮೊದಲು ಕೇಳುವುದು ಒಂದೇ ಪ್ರಶ್ನೆ: "ಓ, ಗಿರಿಜಾ ಹೋಗಿದ್ದಳಲ್ಲ, ಆಗಲಾ?" ನಾನು ಹೋಗುವಾಗ ಗಿರಿಜಾಳೂ ಬಂದಿದ್ದಳು, ಅಷ್ಟೆ. ಗಿರಿಜಾ ಹೋಗುವಾಗ ನಾನು ಅವಳ ಸೆರಗು ಹಿಡಿದುಕೊಂಡು ಹೋದದ್ದಲ್ಲ. ಈ ಪ್ರವಾಸದ ಕತೆ ಬರೆಯಲು ಕೂತ ಕಾರಣಗಳಲ್ಲಿ ಇದೂ ಒಂದು ಎಂದು ಮೊದಲೇ ಹೇಳಿಬಿಡುತ್ತೇನೆ. ಹೊಟ್ಟೆಕಿಚ್ಚು ಎಂದು ನಿಮಗೆ ಅನ್ನಿಸಿದರೆ ಅನ್ನಿಸಲಿ. ಅದು ಹೊಟ್ಟೆಕಿಚ್ಚೇ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಮುದ್ರದ ನೀರು ಒಳನುಗ್ಗಿದ ಥಾಣೆಯ ಖಾಡಿಯ ಆಚೆ ನವಿ ಮುಂಬಯಿ ಏಳುತ್ತಿತ್ತು. ಅದಕ್ಕೆ ಕಲ್ಲು ಒಡೆಯಲು, ಸಿಮೆಂಟು ಹೊರಲು ಗುಲ್ಬರ್ಗಾ, ವಿಜಾಪುರದ ಕಡೆಯಿಂದ ಸಂಸಾರ ಸಮೇತ ಬಂದವರು ಘಣಸೋಲಿ ಊರಿನ ಹೊರಗೆ ತಾಡಪತ್ರಿಯ ಗುಡಿಸಲು ಕಟ್ಟಿಕೊಂಡು ಇದ್ದರು. ತಾಯಂದಿರು ಬುಟ್ಟಿ ಹೊರುವಾಗ ಕೂಸುಗಳು ಖಡಿಯ, ಅಂದರೆ ಜಲ್ಲಿಕಲ್ಲಿನ, ರಾಶಿಯ ಪಕ್ಕ ಧೂಳಿನಲ್ಲಿ ಕೂತಿರುತ್ತಿದ್ದವು. ಅಳುತ್ತಲೂ ಇರಲಿಲ್ಲ, ಅದೇ ಹೆಚ್ಚಿನ ಸಂಕಟ. ಓಡಾಡುವ ವಯಸ್ಸಾದರೂ ಮಾತು ಬಾರದ ಮಕ್ಕಳು ಅಲ್ಲಿ ಬೇಕಾದಷ್ಟಿದ್ದವು. ಮಾತಾಡಿಸುವವರು ಇದ್ದರಲ್ಲವೇ ಮಾತು ಬರುವುದು? ದಿನವಿಡೀ ಹೊತ್ತು ದಣಿದ ತಾಯಿಗೆ ರಾತ್ರಿ ಬಾಯಿ ತೆರೆಯುವುದಕ್ಕೂ ತ್ರಾಣ ಇರುತ್ತಿರಲಿಲ್ಲ.

ಕಲ್ಯಾಣದಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ. ಅದನ್ನು ನಡೆಸುತ್ತಿದ್ದವರು ದೇಶಪಾಂಡೆ ಸರ್, ಧಾರವಾಡದ ಕಡೆಯವರು. ಈ ತಾಯಂದಿರಿಗೆ ಓದಲು ಬಾರದು, ಕೂತು ಭಾಷಣ ಕೇಳಲು ಪುರಸೊತ್ತಿಲ್ಲ. ಆದರೆ ನೀರಿನ ಟ್ಯಾಂಕರ್ ಬರುವ ತನಕ ಕೊಡಗಳನ್ನು ಸಾಲಾಗಿ ಇಟ್ಟು ಕಾಯುತ್ತಾರೆ. ಆ ಹೊತ್ತಿನಲ್ಲಿ ಟೇಪ್‌ರೆಕಾರ್ಡರ್ ಹಚ್ಚಿ, ಕೂಸನ್ನು ಹೇಗೆ ಮಾತಾಡಿಸಬೇಕು, ಹೇಗೆ ಆಡಿಸಬೇಕು, ಏನು ತಿನ್ನಿಸಬೇಕು ಎಂದು ಕನ್ನಡದಲ್ಲೇ ಹಾಡು, ಕತೆ ಸೇರಿಸಿ ಹೇಳಿದರೆ ಹೇಗೆ ಎಂದು ಅವರಿಗೆ ಹೊಳೆಯಿತು. ಆ ಟೇಪಿನ ಧ್ವನಿ ನನ್ನದು.

ಆ ಧ್ವನಿಯ ಬಗ್ಗೆ ಸ್ವಲ್ಪ ಹೇಳಬೇಕು. ಉಡುಪಿಯ ಹತ್ತಿರ ಶಾಲೆಗೆ ಹೋಗುತ್ತಿದ್ದಾಗ ಭಾಷಣಕ್ಕೆ, ಪದ್ಯಕ್ಕೆ ಬಹುಮಾನ ಯಾವಾಗಲೂ ನನಗೇ. ಮದುವೆಯಾಗಿ ಡೊಂಬಿವಲಿಗೆ ಬಂದ ಮೇಲೆ ಅದಕ್ಕೆ ಕೆಲಸವೇ ಇಲ್ಲದಾಯಿತು. ಮನೆಯವರು ಬೆಳಗಿನ ಲೋಕಲ್ ಹಿಡಿದರೆ ಬರುವುದು ಕತ್ತಲಾದ ಮೇಲೆ. ಮಗಳನ್ನು ನಾನು ಕನ್ನಡದಲ್ಲಿ ಕೇಳಿದರೆ ಅವಳು ಮರಾಠಿಯಲ್ಲಿ ಉತ್ತರ ಕೊಡುತ್ತಾಳೆ. ಹಾಗಿರುವಾಗ ಘಣಸೋಲಿಯ ಬಿಸಿಲಿನಲ್ಲಿ ಅಷ್ಟು ಹೆಂಗಸರ ನಡುವೆ ನನ್ನ ಧ್ವನಿ ಗಟ್ಟಿಯಾಗಿ ಕೇಳಿಸುವುದು ನನ್ನ ಪಾಲಿಗೆ ಸಣ್ಣ ಸಂಗತಿಯಾಗಿರಲಿಲ್ಲ. ಅದೊಂದೇ ನನ್ನದು ಎಂದು ಹೇಳಿಕೊಳ್ಳಬಹುದಾದ ವಸ್ತು.

ಅಷ್ಟರಲ್ಲಿ ಗಿರಿಜಾ ಬಂದಳು. ವಿಜಾಪುರದವಳು, ಗಂಡನಿಗೆ ಕಲ್ಯಾಣದಲ್ಲಿ ಬಟ್ಟೆ ಅಂಗಡಿ. ನನಗಿಂತ ಚಿಕ್ಕವಳು, ನನಗಿಂತ ಚೆಂದ, ಅದು ಸಾಲದು ಎಂಬಂತೆ ಒಳ್ಳೆಯವಳು ಬೇರೆ. ಅವಳು ಆ ಹೆಂಗಸರ ಹತ್ತಿರ "ಏನವಾ, ಉಂಡ್ಯಾ?" ಎಂದರೆ ಅವರ ಮುಖ ಅರಳುತ್ತಿತ್ತು. ನಾನು "ಊಟ ಆಯ್ತಾ? ಎಂತ ಅಡುಗೆ?" ಎಂದರೆ ಅವರು ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದರು. ಟೇಪಿನಲ್ಲಿ ನಾನು ಅಚ್ಚಿನ ಕನ್ನಡದಲ್ಲಿ ಮಾತಾಡಿದಾಗಲೂ ಅದೇ ನಗು.

ಒಂದು ದಿನ ದೇಶಪಾಂಡೆ ಸರ್ ಇಬ್ಬರನ್ನೂ ಕೂರಿಸಿಕೊಂಡರು.

"ನೋಡ್ರಿ ವಸಂತಿಬಾಯಿ, ಮುಂದಿನ ವರ್ಷ ಈ ಟೇಪು ಕೂಲಿ ಮಂದಿಯ ಎಲ್ಲಾ ವಸ್ತಿಗೂ ಹೋಗಬೇಕು. ಧ್ವನಿ ಒಂದೇ ಇರಬೇಕು. ಕೊಲಂಬೊದಾಗ ಸಣ್ಣ ಮಕ್ಕಳ ಕೆಲಸ ಮಾಡೋರಿಗೆ ಒಂದು ಶಿಬಿರ ಅದ, ಇಬ್ಬರೂ ಹೋಗಿ ಬರ್ರಿ. ಬಂದು ಒಬ್ಬೊಬ್ಬರು ಒಂದು ಟೇಪು ಮಾಡ್ರಿ. ಘಣಸೋಲಿಯೊಳಗ ಹಚ್ಚೋಣ. ಆಮ್ಯಾಲೆ ಯಾರ ಧ್ವನಿ ಅಂತ ನೋಡೋಣ."

ಗಿರಿಜಾ ತಲೆ ತಗ್ಗಿಸಿ, "ಅಕ್ಕಾರ ಧ್ವನೀನ ಇರಲಿ ಬಿಡ್ರಿ ಸರ್" ಎಂದಳು. ಹೀಗೆ ಹೇಳಿ ಅಲ್ಲಿಯೂ ನನಗಿಂತ ಮುಂದೆ ಹೋದಳು.

ವಿಮಾನ

ವಿಮಾನದಲ್ಲಿ ಗಿರಿಜಾಳಿಗೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತು. ನನಗೆ ನಡುವಿನದು, ಈಚೆ ಬದಿಗೆ ಒಬ್ಬ ದಪ್ಪ ಮನುಷ್ಯ. ಡೊಂಬಿವಲಿಯ ಲೋಕಲ್‌ನಲ್ಲಿ ನಾಲ್ಕನೆಯವಳಾಗಿ ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂತು ಅಭ್ಯಾಸವಿದ್ದ ನನಗೆ ಜಾಗದ ಇಕ್ಕಟ್ಟು ದೊಡ್ಡದಲ್ಲ. ಕಿಟಕಿ ಸಿಕ್ಕಿದವಳು ಅದರಿಂದ ಹೊರಗೆ ನೋಡದೆ ಕಣ್ಣು ಮುಚ್ಚಿ ಕೂತದ್ದು ಮಾತ್ರ ಸಹಿಸಲಾಗಲಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಅವಳಿಗೆ ವಾಂತಿ ಶುರುವಾಯಿತು. ಗಗನಸಖಿ ಓಡಿ ಬಂದಳು, ಹಣೆಗೆ ಒದ್ದೆ ಬಟ್ಟೆ ಒತ್ತಿದಳು, ಬೆನ್ನು ಸವರಿದಳು, ಲಿಂಬೆ ಶರಬತ್ತು ತಂದುಕೊಟ್ಟಳು. ದಪ್ಪ ಮನುಷ್ಯನೂ ತನ್ನ ಬುಟ್ಟಿಯಿಂದ ಕಿತ್ತಳೆ ತೆಗೆದುಕೊಟ್ಟ. ನನ್ನ ಹೊಟ್ಟೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಬೇರೆಯವರ ವಾಂತಿಗೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಆವತ್ತು ಗೊತ್ತಾಯಿತು.

ಕೊಲಂಬೊ

ಕೊಲಂಬೊ ಎಂದರೆ ನಮಗೆಲ್ಲ ಬೆಳಗ್ಗೆ ಹಿಂದಿ ಹಾಡು ಹಾಕುವ ರೇಡಿಯೊ ಸ್ಟೇಷನ್. ಅದೊಂದು ಊರು, ಅಲ್ಲಿ ಜನ ಬಸ್ಸಿಗೆ ಕಾಯುತ್ತಾರೆ, ಛತ್ರಿ ಹಿಡಿದು ನಡೆಯುತ್ತಾರೆ ಎಂದು ಯೋಚಿಸಿಯೇ ಇರಲಿಲ್ಲ. ಇಳಿದ ಕೂಡಲೇ ತೆಂಗಿನೆಣ್ಣೆಯ ವಾಸನೆ, ಉಪ್ಪು ಗಾಳಿ. ಊಟಕ್ಕೆ ಕೂತರೆ ನಮ್ಮದೇ ಕೆಂಪು ಕುಚ್ಚಲಕ್ಕಿಯಂಥ ಅನ್ನ, ತೆಂಗಿನಕಾಯಿ ಅರೆದ ಸಾರು, ಬೆಳಗ್ಗೆ ಒತ್ತು ಶ್ಯಾವಿಗೆ. ಉಡುಪಿ ಕಡೆಯನ್ನು ಯಾರೋ ಎತ್ತಿಕೊಂಡು ಹೋಗಿ ಇನ್ನೂ ಚೆನ್ನಾಗಿ ಗುಡಿಸಿ ಇಲ್ಲಿ ಇಟ್ಟುಕೊಂಡ ಹಾಗಿತ್ತು. ನನಗೆ ಸಂತೋಷವಾಗಬೇಕಿತ್ತು. ಬದಲಿಗೆ, ಇವರಿಗೆ ಇದೆಲ್ಲ ದಿನಾ ಸಿಗುತ್ತದಲ್ಲ, ನಾನು ಮಾತ್ರ ಡೊಂಬಿವಲಿಯಲ್ಲಿ ರೇಷನ್ನಿನ ಅಕ್ಕಿ ಆರಿಸಿಕೊಂಡು ಕೂರಬೇಕಲ್ಲ ಎಂದು ಉರಿಯಿತು.

ಇನ್ನೂ ಉರಿಸುವ ಸಂಗತಿಗಳಿದ್ದವು. ಬಸ್‌ಸ್ಟಾಪಿನಲ್ಲಿ ತರಕಾರಿ ಮಾರುವ ಹೆಂಗಸು ಪೇಪರ್ ಓದುತ್ತಿದ್ದಳು. ಶಿಬಿರದವರು ನಮ್ಮನ್ನು ಕರೆದುಕೊಂಡು ಹೋದ ಬಡವರ ಕೇರಿಯಲ್ಲೂ ತಾಯಂದಿರು ಮಗುವಿನ ತೂಕದ ಕಾರ್ಡನ್ನು ತಾವೇ ಓದಿ ಹೇಳುತ್ತಿದ್ದರು. ಗಂಡಸರು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಂಗಡಿಗೆ ಹೋಗುತ್ತಿದ್ದರು, ಅದಕ್ಕೆ ಯಾರೂ ನಗುತ್ತಿರಲಿಲ್ಲ. ನಮ್ಮ ಕಟ್ಟಡದಲ್ಲಿ ಒಬ್ಬ ಗಂಡಸು ಹಾಗೆ ಮಾಡಿದರೆ ಗ್ಯಾಲರಿಯಲ್ಲಿ ನಿಂತು ನೋಡುವವರ ಸಾಲೇ ಆಗುತ್ತದೆ.

ಊಟದ ವಿಷಯದಲ್ಲಾದರೂ ನಾನೇ ಗೆದ್ದೆ ಎಂದುಕೊಂಡಿದ್ದೆ. ಗಿರಿಜಾ ಜೋಳದ ರೊಟ್ಟಿಯವಳು, ಮೀನು ಮುಟ್ಟುವವಳಲ್ಲ. ಅಲ್ಲಿನವರು ತೆಂಗಿನಕಾಯಿ ಚಟ್ನಿಗೂ ಒಣಮೀನಿನ ಪುಡಿ ಹಾಕುತ್ತಾರೆ. ಮೊದಲ ದಿನವೇ ಅವಳು ಕೈಯಲ್ಲಿ ತುತ್ತು ಹಿಡಿದುಕೊಂಡು ನನ್ನನ್ನು ಕೇಳಿದಳು: "ಅಕ್ಕಾರ, ಇದರಾಗ ಮೀನ ಇಲ್ಲಲ್ರಿ?"

ಒಂದು ಗಳಿಗೆ, ಒಂದೇ ಗಳಿಗೆ, ಸುಮ್ಮನಿರೋಣ ಅನ್ನಿಸಿತು. ಆಮೇಲೆ, "ಉಂಟು, ತಿನ್ನಬೇಡ" ಎಂದೆ. ಅಷ್ಟು ಕೆಟ್ಟವಳಲ್ಲ ನಾನು. ಅವಳು ಕೈ ಮುಗಿದು ತಟ್ಟೆ ಬದಿಗಿಟ್ಟಳು. ಅದರ ಫಲವೇನಾಯಿತು ಎಂದರೆ, ಶಿಬಿರ ನಡೆಸುವ ಮೇಡಂ ಅದನ್ನು ನೋಡಿ ಗಾಬರಿಯಾಗಿ, ಆ ಹೊತ್ತಿನಿಂದ ಗಿರಿಜಾಳಿಗೆಂದೇ ಬೇರೆ ರೊಟ್ಟಿ, ಬೇರೆ ಪಲ್ಯ, ಬೇರೆ ಮೊಸರು ಮಾಡಿಸಿದರು. ಮೇಡಂ ದಿನವೂ ಅವಳ ಪಕ್ಕದಲ್ಲೇ ಕೂತು, ಹೊಟ್ಟೆ ತುಂಬಿತೇ ಎಂದು ವಿಚಾರಿಸುತ್ತಿದ್ದರು. ನಾನು ಮೀನು ತಿನ್ನುವವಳು, ನನಗೆ ಯಾವ ವಿಚಾರಣೆಯೂ ಇಲ್ಲ.

ಶಿಬಿರದಲ್ಲಿ ಒಬ್ಬೊಬ್ಬರು ತಮ್ಮ ಕೆಲಸದ ಬಗ್ಗೆ ಹೇಳಬೇಕಿತ್ತು. ನಾನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿಕೊಂಡು ಹೋಗಿದ್ದೆ. ಚೆನ್ನಾಗಿಯೇ ಓದಿದೆ. ಎಲ್ಲರೂ ಮರ್ಯಾದೆಯಿಂದ ಕೇಳಿದರು, ಮರ್ಯಾದೆಯಿಂದಲೇ ಆಕಳಿಸಿದರು. ಆಮೇಲೆ ಗಿರಿಜಾಳ ಸರದಿ. ಅವಳಿಗೆ ಇಂಗ್ಲಿಷು ನಾಲ್ಕು ಮಾತಿಗಿಂತ ಹೆಚ್ಚು ಬಾರದು. ಮುಂದೆ ಬಂದು ಕೂತು, ಒಂದು ದುಪ್ಪಟಿಯನ್ನು ಮಡಚಿ ಕೂಸಿನ ಹಾಗೆ ತೊಡೆಯ ಮೇಲೆ ಹಾಕಿಕೊಂಡು, ಅವರ ಊರಿನ ಒಂದು ಜೋಗುಳ ಹಾಡಿದಳು. ನೇಪಾಳದಿಂದ ಶಿಬಿರಕ್ಕೆ ಬಂದಿದ್ದವಳೊಬ್ಬಳು ಕಣ್ಣೊರೆಸಿಕೊಂಡಳು. ಮೇಡಂ ಅದನ್ನು ಇನ್ನೊಮ್ಮೆ ಹಾಡಿಸಿ ಟೇಪ್ ಮಾಡಿಕೊಂಡರು. ನನ್ನ ಟೈಪ್ ಮಾಡಿದ ಹಾಳೆಗಳು ಫ್ಯಾನಿನ ಗಾಳಿಗೆ ಹಾರಿ ಬೆಂಚಿನ ಕೆಳಗೆ ಹೋಗಿದ್ದವು. ಅವನ್ನು ಬಗ್ಗಿ ಆರಿಸಿಕೊಟ್ಟವಳೂ ಗಿರಿಜಾಳೇ.

ರೈಲಿನಲ್ಲಿ

ಮರುದಿನ ಮಧ್ಯಾಹ್ನ ಬಿಡುವಿತ್ತು. ಮೇಡಂ ಗಿರಿಜಾಳನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೊರಟರು, ನನ್ನನ್ನೂ ಕರೆದರು. ತಲೆನೋವು ಎಂದು ಹೇಳಿ ನಾನೊಬ್ಬಳೇ ನಮ್ಮ ವಸತಿಗೆ ಹಿಂತಿರುಗಲು ರೈಲು ಹತ್ತಿದೆ. ವಸತಿ ಇದ್ದದ್ದು ವೆಳ್ಳವತ್ತೆಯಲ್ಲಿ. ಅಲ್ಲಿನ ಲೋಕಲ್ ರೈಲು ಸಮುದ್ರದ ದಂಡೆಯ ಮೇಲೇ ಓಡುತ್ತದೆ, ಅಲೆಯ ಹನಿ ಕಿಟಕಿಯೊಳಗೆ ಬರುತ್ತದೆ. ನಮ್ಮ ಲೋಕಲ್‌ಗೆ ಮುಂಬ್ರಾದ ಹತ್ತಿರ ಖಾಡಿ ಕಾಣುತ್ತದೆ ನಿಜ. ಆದರೆ ಅದು ಕಾಣಬೇಕಾದರೆ ಬಾಗಿಲಲ್ಲಿ ನಿಂತವರ ಕಂಕುಳ ಸಂದಿಯಿಂದ ನೋಡಬೇಕು.

ರೈಲು ತುಂಬಿತ್ತು. ನಾನು ನಿಂತೆ, ನಿಂತ ಕೂಡಲೇ ಬಾಯಿ ತನ್ನಷ್ಟಕ್ಕೆ ತೆರೆದುಕೊಂಡಿತು. ನಮ್ಮ ಲೇಡೀಸ್ ಡಬ್ಬಿಯಲ್ಲಿ ಹತ್ತಿದವಳು ಮೊದಲು ಮಾಡುವ ಕೆಲಸ, ಕೂತವರನ್ನು ಸಾಲಾಗಿ "ಕಿಧರ್ ಉತರ್‌ನೇ ಕಾ?" ಎಂದು ಕೇಳುವುದು. ಒಬ್ಬಳು ಘಾಟ್ಕೋಪರ್ ಎನ್ನುತ್ತಾಳೆ, ಒಬ್ಬಳು ಥಾಣೆ ಎನ್ನುತ್ತಾಳೆ. ಯಾರು ಬೇಗ ಇಳಿಯುತ್ತಾರೋ ಅವರ ಜಾಗವನ್ನು ಕಾದಿರಿಸಿಕೊಂಡು ಅವರ ಮುಂದೆ ಹೋಗಿ ನಿಲ್ಲಬೇಕು. ಅದಕ್ಕೆ ಯಾರೂ ತಪ್ಪು ತಿಳಿಯುವುದಿಲ್ಲ, ಅದು ಕಾನೂನಿಗಿಂತ ಗಟ್ಟಿ. ಕೊಲಂಬೊದಲ್ಲೂ ನಾನು ಎದುರಿಗೆ ಕೂತಿದ್ದ ಹೆಂಗಸನ್ನು ಇಂಗ್ಲಿಷಿನಲ್ಲಿ ಅದನ್ನೇ ಕೇಳಿದೆ: ನೀವು ಎಲ್ಲಿ ಇಳಿಯುತ್ತೀರಿ?

ಅವಳು ಮಡಿಲಲ್ಲಿ ಕೂಸು ಮಲಗಿಸಿಕೊಂಡಿದ್ದಳು. ಬೆರಗಿನಿಂದ ನೋಡಿ, "ಮೊರಟುವ" ಎಂದಳು. ಆಮೇಲೆ ನಕ್ಕು, ಸರಿದು, ಜಾಗ ಮಾಡಿಕೊಟ್ಟಳು. ಕೇಳಿದ್ದು ಒಂದು ಸೀಟು, ಸಿಕ್ಕಿದ್ದು ಅರ್ಧವಾದರೂ ಇಳಿಯುವ ತನಕ ಕಾಯಬೇಕಾಗಲಿಲ್ಲ. ನಾನು ಹಾಯಾಗಿ ಕೂತೆ.

ನನ್ನ ನಿಲ್ದಾಣ ಬಂತು, ಎದ್ದೆ. ಅವಳು ನನ್ನ ಕೈ ಹಿಡಿದು ಎಳೆದು ಕೂರಿಸಿದಳು. "ಇಲ್ಲ, ಇಲ್ಲ, ಇದಲ್ಲ. ಮೊರಟುವ ಇನ್ನೂ ದೂರ" ಎಂದು ತನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದಳು. ನಾನು ಅಲ್ಲ ಎಂದು ಕೈ ಬಿಡಿಸಿಕೊಂಡು ಮತ್ತೆ ಎದ್ದೆ. ಈಗ ಪಕ್ಕದ ಮುದುಕನೂ ಸೇರಿಕೊಂಡು, ದಾರಿ ತಪ್ಪಿದವರಿಗೆ ಹೇಳುವ ಸಮಾಧಾನದ ಧ್ವನಿಯಲ್ಲಿ "ಮೊರಟುವ, ಮೊರಟುವ" ಎಂದು ಮುಂದಕ್ಕೆ ಕೈ ತೋರಿಸಿದ. ಅಷ್ಟರಲ್ಲಿ ರೈಲು ಹೊರಟಿತು. ನಾನೂ ಮೊರಟುವಕ್ಕೇ ಹೋಗುವವಳು, ಜಾಗದ ಗುರುತು ಸಿಗದೆ ಜೊತೆ ಹುಡುಕುತ್ತಿದ್ದೇನೆ ಎಂದು ಅವಳು ತಿಳಿದಿದ್ದಳು. ಹಾಗಲ್ಲದೆ, ಪರಿಚಯವಿಲ್ಲದ ಒಬ್ಬಳು ಬಂದು ನೀನು ಎಲ್ಲಿ ಇಳಿಯುತ್ತೀ ಎಂದು ಯಾಕೆ ಕೇಳುತ್ತಾಳೆ?

ಮೊರಟುವ

ಅಲ್ಲಿ ಇಳಿದ ಮೇಲೆ ಸತ್ಯ ಗೊತ್ತಾದಾಗ ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಹೆಸರು ಕುಸುಮಾ. ನಮ್ಮಲ್ಲೂ ಇರುವ ಹೆಸರು ಎಂದಾಗ ಇನ್ನೂ ಹತ್ತಿರದವಳಾದಳು. ಹಿಂದಕ್ಕೆ ಹೋಗುವ ರೈಲಿಗೆ ಹೊತ್ತಿದೆ, ಅಲ್ಲಿಯವರೆಗೆ ಸ್ಟೇಷನ್ನಿನಲ್ಲಿ ಕೂರುವುದು ಬೇಡ ಎಂದು ಮನೆಗೆ ಕರೆದುಕೊಂಡು ಹೋದಳು.

ಮನೆ ಎಂದರೆ ರೈಲು ಹಳಿಗೂ ಸಮುದ್ರಕ್ಕೂ ನಡುವೆ ಹಲಗೆ ಹೊಡೆದು ಮಾಡಿದ ಒಂದು ಕೋಣೆ. ಗಂಡ ಬೇರೆಯವರ ದೋಣಿಯಲ್ಲಿ ಮೀನಿಗೆ ಹೋಗುವವನು, ಇವಳು ಬಟ್ಟೆ ಹೊಲಿಯುವವಳು. ಅಲೆ ಜೋರಾದಾಗ ನೀರು ಒಳಗೇ ಬರುತ್ತದೆ ಎಂದು ಗೋಡೆಯ ಮೇಲಿನ ಗೆರೆ ತೋರಿಸಿದಳು. ಘಣಸೋಲಿಯ ತಾಡಪತ್ರಿಗಿಂತ ಬಹಳ ಮೇಲೇನಲ್ಲ. ಆದರೆ ಅಂಗಳದ ಮರಳನ್ನು ಗುಡಿಸಿದ ಪೊರಕೆಯ ಗೆರೆಗಳು ಇನ್ನೂ ಅಳಿಸಿರಲಿಲ್ಲ. ಗೋಡೆಗೆ ಒಂದು ಸಣ್ಣ ರೇಡಿಯೊ ತೂಗು ಹಾಕಿ, ಅದಕ್ಕೆ ಉಳಿದ ಬಟ್ಟೆ ಚೂರುಗಳಿಂದ ಅಂಗಿ ಹೊಲಿದು ತೊಡಿಸಿದ್ದಳು.

ಟೀ ಕುಡಿಯುತ್ತಿದ್ದಾಗ ಅವಳು ರೇಡಿಯೊ ಹಚ್ಚಿದಳು. ಚಿಕ್ಕ ಮಕ್ಕಳ ತಾಯಂದಿರಿಗೆಂದು ದಿನವೂ ಬರುವ ಕಾರ್ಯಕ್ರಮವಂತೆ. ನನ್ನ ಕಿವಿ ನಿಮಿರಿತು. ಒಬ್ಬ ಹೆಂಗಸಿನ ಧ್ವನಿ. ಅಂಥ ದೊಡ್ಡ ಧ್ವನಿಯೇನಲ್ಲ, ಸ್ವಲ್ಪ ಒಡಕು ಬೇರೆ. ಇವಳಿಗಿಂತ ನಾನೇ ಮೇಲು ಎಂದು ಕಪ್ಪಿನ ಹಿಂದೆ ಮುಖ ಮಾಡಿ ಸಂತೋಷಪಟ್ಟೆ. ಆ ಧ್ವನಿ "ಪುತಾಗೆ ನಹಯ ಕೋ?" ಎಂದು ಏನೋ ಕೇಳಿತು. ಕೇಳಿ, ಸುಮ್ಮನಾಯಿತು.

ಸುಮ್ಮನೇ ಇತ್ತು. ಹಾಡಿಲ್ಲ, ವಾದ್ಯವಿಲ್ಲ. ಸೆಲ್ಲು ಮುಗಿಯಿತು ಎಂದುಕೊಂಡು ನಾನು ಎದ್ದು, ನಮ್ಮ ಮನೆಯ ರೇಡಿಯೊಗೆ ಕೊಡುವ ಹಾಗೆ ಅದರ ನೆತ್ತಿಗೆ ಎರಡು ಏಟು ಕೊಟ್ಟೆ.

ಕುಸುಮಾ ನನ್ನನ್ನು ತಡೆಯಲಿಲ್ಲ, ಅವಳಿಗೆ ಪುರಸೊತ್ತಿರಲಿಲ್ಲ. ಅವಳು ಕೂಸಿನ ಮೂಗಿನ ಮೇಲೆ ಬೆರಳಿಟ್ಟು "ಇಲ್ಲಿ, ಇಲ್ಲಿ" ಎಂದು ತನ್ನ ಭಾಷೆಯಲ್ಲಿ ಹೇಳುತ್ತಿದ್ದಳು. ಕೂಸು ತನ್ನ ಕೈ ತೆಗೆದು ತಾಯಿಯ ಮೂಗನ್ನು ಹಿಡಿದುಕೊಂಡಿತು. ಆಮೇಲೆ ರೇಡಿಯೊ, ಅದನ್ನೆಲ್ಲ ನೋಡಿದ ಹಾಗೆ, ನಕ್ಕು ಮುಂದಿನ ಮಾತಿಗೆ ಹೋಯಿತು. ಮತ್ತೆ ಕೇಳಿತು, ಮತ್ತೆ ಸುಮ್ಮನಾಯಿತು. ಇವತ್ತು ಒಲೆಯ ಮೇಲೆ ಏನಿದೆ ಎಂದು ಕೇಳುತ್ತಿದ್ದಾಳೆ ಎಂದು ಕುಸುಮಾ ನನಗೆ ಹೇಳಿದಳು. "ಏನಿಲ್ಲ, ನಿನ್ನ ಅಪ್ಪ ಮಾರಲಾಗದೆ ತಂದ ಮೀನು" ಎಂದು ಕೂಸಿಗೆ ಹೇಳಿದಳಂತೆ. ಕೂಸು ಏನೋ ಗೊಣಗಿ ಉತ್ತರ ಕೊಟ್ಟಿತು. ಆ ಒಡಕು ಧ್ವನಿಯವಳು ಅರ್ಧ ಹೊತ್ತು ಬಾಯಿ ಮುಚ್ಚಿಕೊಂಡೇ ಇದ್ದಳು. ಆ ಅರ್ಧ ಹೊತ್ತೂ ತಾಯಿ ಮಗು ಮಾತಾಡುತ್ತಲೇ ಇದ್ದರು.

ನನ್ನ ಟೇಪುಗಳಲ್ಲಿ ಉಸಿರು ಬಿಡುವಷ್ಟೂ ಜಾಗ ಇರುತ್ತಿರಲಿಲ್ಲ. ಎಲ್ಲಾದರೂ ಒಂದು ಕ್ಷಣ ಖಾಲಿ ಬಂದರೆ ಅದು ನನ್ನ ಸೋಲು ಎಂದು ಮತ್ತೆ ರೆಕಾರ್ಡ್ ಮಾಡುತ್ತಿದ್ದೆ. ಕೂಸಿನೊಂದಿಗೆ ಮಾತಾಡಿ, ಮಾತಾಡಿ ಎಂದು ಆ ಹೆಂಗಸರಿಗೆ ಹೇಳುತ್ತಾ, ಅವರು ಒಂದು ಮಾತೂ ಆಡಲಾಗದ ಹಾಗೆ ನಾನೇ ಆಡುತ್ತಿದ್ದೆ. ಶಿಬಿರದವರು ಚಾರ್ಟು, ಬೊಂಬೆ, ತೂಕದ ತಕ್ಕಡಿ ಎಲ್ಲದರ ಬಗ್ಗೆಯೂ ಪಾಠ ಮಾಡಿದ್ದರು, ಇದೊಂದನ್ನು ಬಿಟ್ಟು. ಅವರಿಗೆ ಅದು ಹೇಳಬೇಕಾದ ಸಂಗತಿ ಎಂದೇ ಅನ್ನಿಸಿರಲಿಲ್ಲವೋ ಏನೋ. ಮುಖ ಗೊತ್ತಿಲ್ಲದ ಆ ಒಡಕು ಧ್ವನಿಯವಳ ಮೇಲೆ ನನಗೆ ಹುಟ್ಟಿದ ಹೊಟ್ಟೆಕಿಚ್ಚಿನ ಮುಂದೆ ಗಿರಿಜಾಳ ಮೇಲಿನದು ಏನೇನೂ ಅಲ್ಲ.

ವೆಳ್ಳವತ್ತೆ

ವಸತಿಗೆ ಬಂದಾಗ ಗಿರಿಜಾ ಬಾಗಿಲಲ್ಲೇ ನಿಂತಿದ್ದಳು. ಕಣ್ಣು ಕೆಂಪಾಗಿತ್ತು.

"ಎಲ್ಲಿ ಹೋಗಿದ್ರಿ ಅಕ್ಕಾರ? ನನ್ನ ಜೀವಾನ ಹೋಗಿತ್ತು."

"ಎಲ್ಲಿಗೂ ಇಲ್ಲ ಮಾರಾಯ್ತಿ. ಇಳಿಯುವಲ್ಲಿ ಇಳಿಯಲಿಕ್ಕೆ ಆಗಲಿಲ್ಲ, ಮುಂದೆ ಹೋಗಿ ಬಂದೆ."

"ಏನರ ನೋಡಿದ್ರೇನು?"

"ಎಂತ ಉಂಟು ನೋಡ್ಲಿಕ್ಕೆ? ಸಮುದ್ರ" ಎಂದೆ.

ಅವಳು ನನಗಾಗಿ ಒಂದು ಸೀರೆ ತಂದಿದ್ದಳು, ತನ್ನದಕ್ಕಿಂತ ಚೆನ್ನಾಗಿದ್ದದ್ದನ್ನೇ. ತೆಗೆದುಕೊಂಡೆ. ಕುಸುಮಾಳ ರೇಡಿಯೊದ ವಿಷಯ ಆ ರಾತ್ರಿಯೂ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ, ವಿಮಾನದಲ್ಲಿ ಅವಳ ಬೆನ್ನು ಸವರುತ್ತಾ ಬಂದಾಗಲೂ ಹೇಳಲಿಲ್ಲ. ಅವಳಿಗೆ ರೊಟ್ಟಿಯಿತ್ತು, ಮೊಸರಿತ್ತು, ಜೋಗುಳವಿತ್ತು, ಮೇಡಂ ಇದ್ದರು. ನನಗೆ ಇದೊಂದಿರಲಿ.

ಘಣಸೋಲಿ

ಬಂದ ಮೇಲೆ ನನ್ನ ಟೇಪನ್ನು ಅಡುಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಮಾಡಿದೆ. ಕೇಳುವುದು, ಸುಮ್ಮನಾಗುವುದು. ಸುಮ್ಮನಿರುವುದು ಎಷ್ಟು ಕಷ್ಟ ಎಂದು ಮೈಕ್ ಹಿಡಿದವರಿಗೇ ಗೊತ್ತು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕೂರಬೇಕಾಯಿತು.

ಗೊತ್ತುಮಾಡಿದ ದಿನ ಥಾಣೆಯಿಂದ ಬಸ್ಸು ಹಿಡಿದು, ಕಾರ್ಖಾನೆಗಳ ರಸ್ತೆಯಲ್ಲಿ ಮೂಗಿಗೆ ಕರ್ಚೀಪು ಹಿಡಿದುಕೊಂಡು ದೇಶಪಾಂಡೆ ಸರ್, ಗಿರಿಜಾ, ನಾನು ಮೂವರೂ ಘಣಸೋಲಿಗೆ ಹೋದೆವು. ಕೊಡಗಳ ಸಾಲು ಆಗಲೇ ಉದ್ದವಾಗಿತ್ತು. ಮೊದಲು ಗಿರಿಜಾಳ ಟೇಪು. ಜೇನಿನಂಥ ಮಾತು, ಜೋಗುಳ. ಹೆಂಗಸರು ತಲೆದೂಗಿ ಕೇಳಿದರು. ನಾನೂ ಕೇಳಿದೆ. ಚೆನ್ನಾಗಿತ್ತು ಎಂದು ಹೇಳದೆ ವಿಧಿಯಿಲ್ಲ. ಒಂದು ಕ್ಷಣವೂ ಖಾಲಿ ಇರಲಿಲ್ಲ. ಕೂಸುಗಳು ಎಂದಿನಂತೆ ಖಡಿಯ ಮೇಲೆ ಕೂತು ಎಲ್ಲೋ ನೋಡುತ್ತಿದ್ದವು.

ಆಮೇಲೆ ನನ್ನದು. "ನಿಮ್ಮ ಕೂಸಿನ ಮೂಗು ಎಲ್ಲಿದೆ?" ಎಂದಿತು ನನ್ನ ಧ್ವನಿ. ಮೌನ.

ಮುಂದೆ ನಿಂತಿದ್ದ ನಿಂಗಮ್ಮ ಕೊಡ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಯಕ್ಕಾ, ನಿಮ್ಮ ಪೆಟಗಿ ಬಂದ್ ಬಿತ್ತು ನೋಡ್ರಿ. ಸೆಲ್ ಮುಗದಾವ." ಹೇಳಿ ಸುಮ್ಮನಿರಲಿಲ್ಲ, ಹೋಗಿ ಅದಕ್ಕೆ ಒಂದು ಏಟು ಹಾಕಿದಳು. ಎಲ್ಲರೂ ನಕ್ಕರು. ನಾನು ವಿವರಿಸಲು ಬಾಯಿ ತೆರೆದರೆ ಆ ಮೌನ ಹಾಳಾಗುತ್ತದೆ, ತೆರೆಯದಿದ್ದರೆ ಕೆಟ್ಟುಹೋದ ಯಂತ್ರ ಎನಿಸಿಕೊಳ್ಳುತ್ತದೆ. ದೇಶಪಾಂಡೆ ಸರ್ ಕನ್ನಡಕ ತೆಗೆದು ಒರೆಸತೊಡಗಿದರು. ಅದು ಅವರಿಗೆ ಹಿಡಿಸಲಿಲ್ಲ ಎಂಬುದರ ಗುರುತು.

"ಇವತ್ತು ಒಲೆಯ ಮೇಲೆ ಏನುಂಟು?" ಎಂದಿತು ಟೇಪು. "ಉಂಟು" ಕೇಳಿ ಇಬ್ಬರು 'ಉಂಟಂತ' ಎಂದು ಅಣಕಿಸಿದರು. ಆಮೇಲೆ ಮತ್ತೆ ಮೌನ. ಲಂಕೆಯಲ್ಲಿ ಅಷ್ಟು ತುಂಬಿದ್ದ ಮೌನ ಇಲ್ಲಿ ಖಾಲಿ ಕೊಡದ ಹಾಗೆ ಬಿದ್ದಿತ್ತು. ಇಷ್ಟು ದಿನ ಮುಚ್ಚಿಟ್ಟುಕೊಂಡು ತಂದದ್ದು ಇದಕ್ಕೇನಾ ಎಂದು ನನಗೆ ಅಳು ಬಂತು.

ಆಗ ಗಿರಿಜಾ ಖಡಿಯ ಮೇಲಿಂದ ನಿಂಗಮ್ಮನ ಮಗನನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಳು. "ಕೇಳಾಕತ್ತಾರಲ್ಲ, ಹೇಳಪಾ ನಮ್ಮಪ್ಪ. ಏನೈತಿ ಒಲಿ ಮ್ಯಾಲ?"

ಹುಡುಗ ಅವಳ ಮುಖವನ್ನೇ ನೋಡಿದ. ಆಮೇಲೆ ಕೂಲಿಗಳ ಮೇಸ್ತ್ರಿ ಮುಕಾದಮನ ಬಾಯಿಂದ ಕಲಿತ ಹಿಂದಿಯಲ್ಲಿ, "ಕುಛ್ ನಹೀ" ಎಂದ.

"ಸುಳ್ಳ ಹೇಳ್ತದ್ರಿ ಇದು" ಎಂದಳು ನಿಂಗಮ್ಮ, ಕೊಡ ಬಿಟ್ಟು ಬಂದು. "ಏ, ಮುಂಜಾನಿ ನುಚ್ಚ ಉಂಡಿಲ್ಲೇನು ನೀನು? ಹೇಳು, ನುಚ್ಚ ಅನ್ನು."

"ನುಚ್ಚ" ಎಂದ ಹುಡುಗ. ಅವನ ಬಾಯಲ್ಲಿ ಕನ್ನಡದ ಮಾತೊಂದು ಬಂದದ್ದು ನಾನು ಕೇಳಿದ್ದು ಅದೇ ಮೊದಲು. ಆಚೆಯವಳು ತನ್ನ ಮಗಳನ್ನು ಎತ್ತಿಕೊಂಡಳು. ಟೇಪು ಮುಂದಿನದನ್ನು ಕೇಳುವ ಹೊತ್ತಿಗೆ ಅವರೆಲ್ಲ ಒಬ್ಬರ ಮಾತಿನ ಮೇಲೆ ಒಬ್ಬರು ಉತ್ತರ ಕೊಡುತ್ತಿದ್ದರು. ಟ್ಯಾಂಕರ್ ಬಂದು ಹಾರ್ನ್ ಹೊಡೆದರೂ ಕೆಲವರು ಕೊಡ ಎತ್ತಲಿಲ್ಲ.

ದೇಶಪಾಂಡೆ ಸರ್ ಕನ್ನಡಕ ಹಾಕಿಕೊಂಡರು. "ಧ್ವನಿ ವಸಂತಿಬಾಯಿದೇ ಇರಲಿ. ಗಿರಿಜಾಬಾಯಿ ಹೆಣ್ಣಮಕ್ಕಳ ಜೋಡಿ ಇರಲಿ" ಎಂದರು.

ಗೆದ್ದೆ. ಬಸ್ಸಿನಲ್ಲಿ ಗಿರಿಜಾಳನ್ನು ಕೇಳಿದೆ: "ನಿನಗೆ ಗೊತ್ತಿತ್ತಾ, ಅಲ್ಲಿ ಮಾತಾಡಬೇಕು ಅಂತ?"

"ಎಲ್ಲಿ ಗೊತ್ತಿತ್ರಿ? ನೀವು ಕೇಳಿದ್ರಿ, ಯಾರೂ ಮಾತಾಡಲಿಲ್ಲ. ಕೇಳಿದವರಿಗೆ ಉತ್ತರ ಕೊಡಬೇಕಲ್ರಿ ಅಕ್ಕಾರ. ನಿಮ್ಮ ಮಾರಿ ನೋಡಿ ನನಗ ಕಸಿವಿಸಿ ಆತು" ಎಂದಳು. ತನ್ನ ಸೋಲನ್ನು ತಾನೇ ಎತ್ತಿ ನನ್ನ ಕೈಗಿಟ್ಟಿದ್ದಳು. ಅವಳ ಮುಖದಲ್ಲಿ ಅದರ ಒಂದು ಸುಕ್ಕೂ ಇರಲಿಲ್ಲ. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಆಮೇಲಿನ ತಿಂಗಳುಗಳು

ಟೇಪು ವಸ್ತಿಯಿಂದ ವಸ್ತಿಗೆ ಹೋಯಿತು. ಶಹಾಡ್ ಹತ್ತಿರದ ಚಾಳುಗಳಿಗೂ ಹೋಯಿತು. ಎಲ್ಲ ಕಡೆಯಿಂದಲೂ ಬಂದದ್ದು ಒಂದೇ ಬೇಡಿಕೆ, ಆ ಸುಮ್ಮನಿರುವ ಜಾಗ ಇನ್ನಷ್ಟು ಉದ್ದ ಇರಲಿ, ನಮ್ಮ ಮಕ್ಕಳ ಮಾತು ಮುಗಿಯುವುದರೊಳಗೆ ಪೆಟ್ಟಿಗೆ ಅಡ್ಡ ಬಾಯಿ ಹಾಕುತ್ತದೆ ಎಂದು. ಉದ್ದ ಮಾಡಿದೆ. ಮತ್ತೆ ಬೇಡಿಕೆ ಬಂತು, ಮತ್ತೆ ಉದ್ದ ಮಾಡಿದೆ. ಟೇಪು ಚೆನ್ನಾದಷ್ಟೂ ಅದರಲ್ಲಿ ನಾನು ಕಡಿಮೆಯಾಗುತ್ತಾ ಬಂದೆ. ಆ ಮೌನದಲ್ಲಿ ಗಿರಿಜಾ ನಗುವುದು, ಗಿರಿಜಾಳ ಕುತ್ತಿಗೆಗೆ ಮಕ್ಕಳು ಜೋತು ಬೀಳುವುದು, ಗಿರಿಜಾ ಅವರಿಗೆ ಬೆಕ್ಕಿನ ಹಾಗೆ ಕೂಗಿ ತೋರಿಸುವುದು. ನಾನು ಸೆಲ್ಲು ಬದಲಾಯಿಸುತ್ತಾ ಪಕ್ಕದಲ್ಲಿ ಕೂತಿರುತ್ತಿದ್ದೆ.

ಮಳೆಗಾಲಕ್ಕೆ ಮುಂಚೆ ಒಂದು ದಿನ ಟೇಪು ಮುಗಿದು ನಾನು ವೈರು ಸುತ್ತುತ್ತಿದ್ದೆ. ನಿಂಗಮ್ಮನ ಮಗ ಬಂದು ನನ್ನೆದುರು ನಿಂತ. ಖಡಿಯ ಮೇಲೆ ಮಾತಿಲ್ಲದೆ ಕೂತಿರುತ್ತಿದ್ದ ಆ ಹುಡುಗನೇ. ಈಗ ಬಾಯಿಗೆ ಬಿಡುವೇ ಇಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ತಾಯಿಯನ್ನು ಕೇಳಿದ, ಸ್ಪಷ್ಟವಾದ ಕನ್ನಡದಲ್ಲಿ: "ಯವ್ವಾ, ಈಕಿ ಯಾರ?"

ನಿಂಗಮ್ಮ ಕೊಡ ತಲೆಗೇರಿಸುತ್ತಾ ಹೇಳಿದಳು: "ಪೆಟಗಿ ಹಚ್ಚಾಕಿ."

ಗಿರಿಜಾ ಏನೋ ಹೇಳಲು ಬಾಯಿ ತೆರೆದಳು. ನಾನು ಬೇಡ ಎಂದು ಕಣ್ಣಲ್ಲೇ ತಡೆದೆ. ಹುಡುಗ ಉತ್ತರಕ್ಕೆ ಕಾಯುತ್ತಾ ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದ.

"ಹೌದು ಮಗಾ, ಪೆಟ್ಟಿಗೆ ಹಚ್ಚುವವಳೇ" ಎಂದೆ.

ಅವನು ತಲೆಯಾಡಿಸಿ ಗಿರಿಜಾಳ ಕಡೆಗೆ ಓಡಿದ.